ವಯಸ್ಸಾಗುವುದರ ಸುಖ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನವಳು. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ 2017ರಲ್ಲಿ ನಿವೃತ್ತಳಾದೆ. ಈಗ ಅರವತ್ತೆಂಟು. ವಯಸ್ಸಾಗುವುದು ನನಗೆ ಇಷ್ಟವಾಗಿದೆ ಅಂತ ಒಂದು ಸಲ ಬರೆದಿದ್ದೆ. ಅವತ್ತಿನಿಂದ ಪ್ರಶ್ನೆಗಳು ನಿಂತಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವಾಗ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಕಾಗದ ಬರೆದು ಕೇಳುತ್ತಾರೆ, ವಾಟ್ಸಾಪಿನಲ್ಲಿ ಕೇಳುತ್ತಾರೆ. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

“ವಯಸ್ಸಾಗೋದ್ರಲ್ಲಿ ಖುಷಿಪಡೋಕೆ ಏನಿದೆ ಟೀಚರ್? ನಿಜ ಹೇಳಿ.”

ಮೂವತ್ತೆರಡು ವರ್ಷ ನಾನು ಬೆಳಗಿನ ಕಾಫಿಯನ್ನು ನಿಂತುಕೊಂಡೇ ಕುಡಿದೆ. ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಮಗನ ಟಿಫನ್ ಡಬ್ಬಿ, ಕಣ್ಣು ಗಡಿಯಾರದ ಮೇಲೆ. ಈಗ ಕೂತು ಕುಡಿಯುತ್ತೇನೆ. ಹಿತ್ತಾಳೆ ಫಿಲ್ಟರಿಗೆ ಬಿಸಿನೀರು ಹಾಕಿದರೆ ಡಿಕಾಕ್ಷನ್ ಮೊದಲು ಬೇಗ ಬೇಗ ಇಳಿಯುತ್ತದೆ, ಆಮೇಲೆ ತೊಟ್ ತೊಟ್ ಅಂತ ಒಂದೊಂದೇ ಹನಿ. ನಮ್ಮ ಅಡುಗೆಮನೆಯಲ್ಲಿ ಹೀಗೊಂದು ಸದ್ದಿದೆ ಅನ್ನುವುದೇ ಅರವತ್ತು ತುಂಬುವವರೆಗೆ ನನಗೆ ಗೊತ್ತಿರಲಿಲ್ಲ.

ಮುಪ್ಪಿನಲ್ಲೂ ಹುಡುಗಿಯ ಹಾಗೆ ಇರಬಹುದು ಅಂತ ನಾನು ಹೇಳುತ್ತಿಲ್ಲ. ಆ ಮಾತಿನಲ್ಲಿ ನನಗೆ ಆಸಕ್ತಿಯೂ ಇಲ್ಲ. ವಯಸ್ಸಾದ ಮೇಲೆ ಮಾತ್ರ ಕೈಗೆ ಬರುವ ಕೆಲವು ಸುಖಗಳಿವೆ. ಮೂವತ್ತರಲ್ಲಿ ಎಷ್ಟು ದುಡ್ಡು ಕೊಟ್ಟರೂ ಅವು ಸಿಗುವುದಿಲ್ಲ. ನಾನು ಹೇಳುವುದು ಅವುಗಳ ಬಗ್ಗೆ.

“ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಅದು ನಿಜಾನಾ?”

ಗಾದೆ ಬುದ್ಧಿ ಮಂಕಾಗುವುದರ ಬಗ್ಗೆ. ಆದರೆ ಬೇಂದ್ರೆಯವರು ತಮ್ಮ ಅರವತ್ತರ ಆಸುಪಾಸಿನಲ್ಲಿ ಒಂದು ಕವನ ಸಂಗ್ರಹಕ್ಕೆ ‘ಅರಳು ಮರಳು’ ಅಂತಲೇ ಹೆಸರಿಟ್ಟರು. ಮರಳಿ ಅರಳುವುದು ಅಂತ ಓದಿಕೊಂಡರೆ ಅದೇ ಎರಡು ಪದ ಬೇರೆಯೇ ಆಗುತ್ತವೆ. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈಗ ನೇರ ಉತ್ತರ. ವಯಸ್ಸಾದಂತೆ ಮಿದುಳಿನ ವೇಗ ಕಡಿಮೆಯಾಗುತ್ತದೆ. ಹೆಸರುಗಳು ನಾಲಿಗೆ ತುದಿಗೆ ಬಂದು ನಿಲ್ಲುತ್ತವೆ. ಎರಡು ಕೆಲಸ ಒಟ್ಟಿಗೆ ಮಾಡುವುದು ಕಷ್ಟವಾಗುತ್ತದೆ. ಆದರೆ ಪದಸಂಪತ್ತು, ಲೋಕಜ್ಞಾನ, ಇಂಥ ಕಡೆ ಹೀಗಾಗುತ್ತೆ ಅನ್ನುವ ಅಂದಾಜು, ಇವು ಅರವತ್ತರ ನಂತರವೂ ಚೆನ್ನಾಗಿ ಉಳಿಯುತ್ತವೆ. ಪದಸಂಪತ್ತು ಎಷ್ಟೋ ಜನರಲ್ಲಿ ಬೆಳೆಯುತ್ತಲೂ ಇರುತ್ತದೆ. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರನ್ನು ನೆನಪಿಸಿಕೊಳ್ಳಿ. 1913ರಲ್ಲಿ ಹುಟ್ಟಿದವರು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ ತೊಂಬತ್ತೇಳು.

ಒಂದು ಎಚ್ಚರಿಕೆ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಮಾಮೂಲು. ದಿನಾ ಓಡಾಡುವ ದಾರಿ ಮರೆತರೆ, ಮಾಡಿ ಮಾಡಿ ಅಭ್ಯಾಸವಾದ ಅಡುಗೆಯ ಕ್ರಮ ತಪ್ಪಿದರೆ, ವಯಸ್ಸಾಯ್ತಲ್ಲ ಅಂತ ಸುಮ್ನೆ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ.

“ಅರವತ್ತು ಅಂದ್ರೆ ಯಾಕೆ ಅಷ್ಟು ದೊಡ್ಡದು? ಶಾಂತಿ ಮಾಡಿಸಲೇಬೇಕಾ?”

ನಮ್ಮ ಪಂಚಾಂಗದಲ್ಲಿ ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ. ನಾನು ಹುಟ್ಟಿದ್ದು 1957ರ ಹೇವಿಳಂಬಿಯಲ್ಲಿ. 2017ರ ಯುಗಾದಿಗೆ ಅದೇ ಹೇವಿಳಂಬಿ ಮತ್ತೆ ಬಂತು. ಲೆಕ್ಕದ ಟೀಚರ್ ಆಗಿ ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ವಿಷಯ ಒಂದಿದೆ. ಗುರುಗ್ರಹ ಸೂರ್ಯನನ್ನು ಸುತ್ತಲು ಸುಮಾರು ಹನ್ನೆರಡು ವರ್ಷ, ಶನಿಗೆ ಸುಮಾರು ಮೂವತ್ತು. ಐದು ಹನ್ನೆರಡಲೆ ಅರವತ್ತು, ಎರಡು ಮೂವತ್ತಲೆ ಅರವತ್ತು. ಅಂದರೆ ನಾವು ಹುಟ್ಟಿದಾಗ ಆ ಎರಡೂ ಗ್ರಹ ಆಕಾಶದಲ್ಲಿ ಎಲ್ಲಿದ್ದವೋ, ಹೆಚ್ಚುಕಮ್ಮಿ ಅಲ್ಲಿಗೇ ಮರಳಿರುತ್ತವೆ. ಅಂಥ ಹುಟ್ಟುಹಬ್ಬ ಜೀವನದಲ್ಲಿ ಒಂದೇ ಸಲ.

ಸಹಸ್ರ ಚಂದ್ರ ದರ್ಶನದ ಲೆಕ್ಕವೂ ಹೀಗೇ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆ ಆಗಲು ಎಂಬತ್ತು ವರ್ಷ ಹತ್ತು ತಿಂಗಳು ಬೇಕು. ಶಾಂತಿ ಮಾಡಿಸುವುದು ಬಿಡುವುದು ನಿಮ್ಮ ನಂಬಿಕೆ. ನಾವು ಮಾಡಿಸಲಿಲ್ಲ, ಅವತ್ತು ಇಪ್ಪತ್ತು ಜನರನ್ನು ಕರೆದು ಊಟ ಹಾಕಿದೆವು.

“ಬೆಳಗ್ಗೆ ನಾಲ್ಕೂವರೆಗೇ ಎಚ್ಚರ ಆಗಿಬಿಡುತ್ತೆ. ಏನಾದ್ರೂ ತೊಂದರೆನಾ?”

ವಯಸ್ಸಾದಂತೆ ದೇಹದ ಗಡಿಯಾರ ಸ್ವಲ್ಪ ಮುಂದಕ್ಕೆ ಸರಿಯುತ್ತದೆ. ಬೇಗ ನಿದ್ದೆ, ಬೇಗ ಎಚ್ಚರ. ಹಗಲು ಆಯಾಸವಿಲ್ಲದಿದ್ದರೆ ಚಿಂತೆ ಬೇಡ. ಹಾಸಿಗೆಯಲ್ಲಿ ಹೊರಳಾಡುವ ಬದಲು ಎದ್ದುಬಿಡಿ. ಆ ಹೊತ್ತಿನಲ್ಲಿ ರಸ್ತೆ ಗುಡಿಸುವವರ ಪೊರಕೆ ಸದ್ದು, ಹಾಲಿನ ಗಾಡಿ, ಹೂವಾಡಗಿತ್ತಿ ಬುಟ್ಟಿ ಇಳಿಸುವುದು, ಇಷ್ಟೇ. ಊರು ಇಷ್ಟು ಚೆನ್ನಾಗಿರುವುದನ್ನು ದಿನದ ಬೇರೆ ಯಾವ ಹೊತ್ತಿನಲ್ಲೂ ನಾನು ನೋಡಿಲ್ಲ.

## ಮನೆ, ಮಕ್ಕಳು, ಜನ

“ನಮ್ಮ ಯಜಮಾನ್ರು ರಿಟೈರ್ ಆದ್ಮೇಲೆ ಇಡೀ ದಿನ ಮನೇಲೇ ಇರ್ತಾರೆ. ಅಡುಗೆಮನೆಗೆ ಬಂದು ಎಲ್ಲದಕ್ಕೂ ಕೈ ಹಾಕ್ತಾರೆ. ಏನ್ಮಾಡ್ಲಿ?”

ಹೆಂಗಸರಿಂದ ಅತಿ ಹೆಚ್ಚು ಬಂದ ಪ್ರಶ್ನೆ ಇದು. ನಮ್ಮ ಮನೆಯಲ್ಲೂ ಇದೇ ಆಯಿತು. ಅವರು ನನಗಿಂತ ನಾಲ್ಕು ವರ್ಷ ಮೊದಲು ನಿವೃತ್ತರಾದರು. ಆಫೀಸಿನಲ್ಲಿ ಫೈಲು ನೋಡಿದ ಹಾಗೆ ಫ್ರಿಜ್ ನೋಡುತ್ತಿದ್ದರು. ಆರು ತಿಂಗಳು ಜಗಳವಾಡಿದೆವು.

ಆಮೇಲೆ ನಾನು ಒಂದು ಅಡುಗೆಯನ್ನು ಪೂರ್ತಿ ಅವರಿಗೆ ಬಿಟ್ಟುಕೊಟ್ಟೆ: ಸಾರು. ‘ಸಹಾಯ ಮಾಡಿ’ ಅಂತ ಅಲ್ಲ. ಬೇಳೆ ಬೇಯಿಸುವುದರಿಂದ ಪಾತ್ರೆ ತೊಳೆಯುವವರೆಗೆ ಅವರದೇ. ನಾನು ಆ ಹೊತ್ತಿಗೆ ಅಡುಗೆಮನೆಗೆ ಕಾಲಿಡಬಾರದು. ಮೊದಲ ತಿಂಗಳು ಉಪ್ಪು ಹುಳಿ ಯಾವುದೂ ಹದಕ್ಕೆ ಬರಲಿಲ್ಲ. ಅವರು ಹಳೇ ಡೈರಿಯಲ್ಲಿ ದಿನಾ ಬರೆದಿಡುತ್ತಿದ್ದರು. ‘ಹುಣಸೆ ನಿಂಬೆ ಗಾತ್ರ ಜಾಸ್ತಿ, ಮುಕ್ಕಾಲು ಸಾಕು.’ ‘ನೊರೆ ಬಂದ ಕೂಡಲೇ ಇಳಿಸಬೇಕು, ಕುದಿಸಬಾರದು.’ ‘ಒಗ್ಗರಣೆಗೆ ತುಪ್ಪವೇ ಸರಿ.’ ಮೂರನೇ ತಿಂಗಳಿಗೆ ನನ್ನ ಸಾರಿಗಿಂತ ಅವರ ಸಾರು ಚೆನ್ನಾಗಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಮನುಷ್ಯ ಹೊಸದಾಗಿ ಕಾಣಿಸಿದ್ದು ಆಗ.

ಹಾಗಾಗಿ ನನ್ನ ಸಲಹೆ ಇಷ್ಟೇ. ಚೂರುಪಾರು ಕೆಲಸ ಹೇಳಬೇಡಿ. ಒಂದನ್ನು ಪೂರ್ತಿ ಕೊಡಿ, ಕೊಟ್ಟ ಮೇಲೆ ಬಗ್ಗಿ ನೋಡಬೇಡಿ.

“ಮೊಮ್ಮಕ್ಕಳ ಸುಖ ಬೇರೇನೇ ಅಂತಾರೆ. ನಮ್ಮ ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ. ನಮಗೇನು?”

ನನ್ನ ಮೊಮ್ಮಗಳೂ ನ್ಯೂಜೆರ್ಸಿಯಲ್ಲೇ. ದೂರದ ನೋವು ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ. ಆದರೆ ‘ಊಟ ಆಯ್ತಾ, ಸ್ಕೂಲ್ ಹೇಗಿದೆ’ ಅನ್ನುವ ವಿಡಿಯೋ ಕಾಲ್ ಮಗುವಿಗೂ ಬೇಜಾರು, ನಮಗೂ ಬೇಜಾರು. ಒಟ್ಟಿಗೆ ಮಾಡುವ ಕೆಲಸ ಒಂದು ಇರಬೇಕು.

ನಾವು ಅಳಗುಳಿಮಣೆ ಆಡುತ್ತೇವೆ. ಇಲ್ಲೊಂದು ಮಣೆ, ಅಲ್ಲೊಂದು ಮಣೆ. ಎರಡರಲ್ಲೂ ಹುಣಸೆ ಬೀಜ. ಅವಳು ಹೇಳಿದ ಮನೆಯಿಂದ ನಾನಿಲ್ಲಿ ಬೀಜ ಎತ್ತಿ ಹಂಚುತ್ತೇನೆ, ನಾನು ಹೇಳಿದ್ದನ್ನು ಅವಳಲ್ಲಿ ಹಂಚುತ್ತಾಳೆ. ಲೆಕ್ಕ ತಪ್ಪಿದರೆ ಎರಡು ಮಣೆಗೂ ತಾಳೆಯಾಗುವುದಿಲ್ಲ, ಆಗ ಜಗಳ. ನಮಗೆ ಭಾನುವಾರ ಬೆಳಗ್ಗೆ ಏಳು ಅಂದರೆ ಬೇಸಿಗೆಯಲ್ಲಿ ಅವರಿಗೆ ಶನಿವಾರ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಎಂಟೂವರೆ. ಒಂದು, ಎರಡು ಅಂತ ಎಣಿಸುತ್ತಾ ಎಣಿಸುತ್ತಾ ಅವಳ ಕನ್ನಡವೂ ಗಟ್ಟಿಯಾಯಿತು.

ಇನ್ನೊಂದು ಮಾತು. ಅಜ್ಜಿತನಕ್ಕೆ ರಕ್ತಸಂಬಂಧವೇ ಬೇಕಂತಿಲ್ಲ. ನಮ್ಮ ಬೀದಿಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ನಾಲ್ಕಿವೆ. ಆ ಮಕ್ಕಳಿಗೆ ಸಂಜೆ ಐದರಿಂದ ಆರೂವರೆ ಒಂದು ಅಜ್ಜಿ ಬೇಕಿತ್ತು.

“ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ಅಂತ ಜನ ಅನ್ನಲ್ವಾ?”

ಅನ್ನುತ್ತಾರೆ. ಇಪ್ಪತ್ತರಲ್ಲೂ ಅಂದಿದ್ದರು, ಆಗ ಹೆದರಿದ್ದೆ. ಹುಡುಗಿಯಾಗಿದ್ದಾಗ ಕೆರೆಗೆ ಇಳಿಯಲು ಬಿಟ್ಟಿರಲಿಲ್ಲ. ಅರವತ್ತೆರಡಕ್ಕೆ ಈಜು ಕಲಿಯಲು ಸೇರಿದೆ. ಹತ್ತು ದಿನ ಕೊಳದ ಅಂಚಿನ ಸರಳು ಬಿಡಲೇ ಇಲ್ಲ. ಹನ್ನೊಂದನೇ ದಿನ ಕೋಚ್ ನನ್ನ ಬೆನ್ನ ಕೆಳಗೆ ಅಂಗೈ ಕೊಟ್ಟು ಮಲಗಿಸಿದಳು. ಕಿವಿಗೆ ನೀರು ತುಂಬಿತು. ಹೊರಗಿನ ಸದ್ದೆಲ್ಲ ಹೋಗಿ ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ಅವಳ ಕೈ ಅಲ್ಲಿರಲಿಲ್ಲ. ನೀರೇ ನನ್ನನ್ನು ಹೊತ್ತಿತ್ತು. ಮಂಡಿ ನೋವಿರುವವರಿಗೆ ನೀರಿನಲ್ಲಿ ಮೈಭಾರ ಕಡಿಮೆಯಾಗುವ ಸುಖವನ್ನು ಬಾಯಲ್ಲಿ ಹೇಳಲಾಗದು.

ಜನರ ಮಾತಿನ ಭಾರ ವಯಸ್ಸಾದಂತೆ ತಾನಾಗಿ ಇಳಿಯುತ್ತದೆ. ಅವರು ಸುಮ್ಮನಾಗುತ್ತಾರೆ ಅಂತಲ್ಲ, ನಮಗೆ ಕಿವಿಗೊಡಲು ಪುರುಸೊತ್ತಿರುವುದಿಲ್ಲ. ತಡವಾಯಿತು ಅನ್ನುವವರಿಗೆ ನಾನು ಮಾಸ್ತಿಯವರ ಹೆಸರು ಹೇಳುತ್ತೇನೆ. 1983ನೇ ಸಾಲಿನ ಜ್ಞಾನಪೀಠ ಅವರಿಗೆ ಬಂದಾಗ ತೊಂಬತ್ತು ದಾಟಿತ್ತು.

## ದುಡ್ಡು, ಕಾಗದ, ಸೌಲಭ್ಯ

“ಸೀನಿಯರ್ ಸಿಟಿಜನ್ ಅಂದ್ರೆ ನಿಜವಾಗ್ಲೂ ಏನೇನು ಸಿಗುತ್ತೆ?”

ಬಸ್ಸಿನಿಂದ ಶುರು ಮಾಡೋಣ. ಕೆಎಸ್‌ಆರ್‌ಟಿಸಿಯಲ್ಲಿ ಅರವತ್ತು ತುಂಬಿದವರಿಗೆ ಟಿಕೆಟ್ಟಿನಲ್ಲಿ ಶೇ 25 ರಿಯಾಯಿತಿ. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಯಾವ ವಯಸ್ಸಿನವರಿಗೂ ಉಚಿತ. ನಾನೂ ನನ್ನ ಓರಗಿತ್ತಿಯೂ ತಿಂಗಳಿಗೊಮ್ಮೆ ಆಧಾರ್ ಕಾರ್ಡು, ಚಿತ್ರಾನ್ನದ ಡಬ್ಬಿ ಹಿಡಿದು ಹೊರಡುತ್ತೇವೆ. ಮೇಲುಕೋಟೆ, ನಂಜನಗೂಡು, ಸೋಮನಾಥಪುರ. ಯಾರನ್ನೂ ಕೇಳಬೇಕಾಗಿಲ್ಲ. ನನ್ನ ಅತ್ತೆಗೆ ಈ ಭಾಗ್ಯ ಇರಲಿಲ್ಲ. ನಂಜನಗೂಡಿಗೆ ಹೋಗಬೇಕೆಂದರೂ ಯಾರಾದರೂ ಗಂಡಸರ ಕೈ ನೋಡಬೇಕಿತ್ತು.

ರೈಲಿನ ಟಿಕೆಟ್ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಅದು ಮತ್ತೆ ಬರಬೇಕು ಅಂತ ನಾನು ಮನಸಾರೆ ಬಯಸುತ್ತೇನೆ. ಕೆಳಗಿನ ಬರ್ತಿನ ಕೋಟಾ ಮಾತ್ರ ಇದೆ: ಗಂಡಸರಿಗೆ ಅರವತ್ತು, ಹೆಂಗಸರಿಗೆ ನಲವತ್ತೈದು ತುಂಬಿರಬೇಕು. ಬುಕ್ ಮಾಡುವಾಗ ವಯಸ್ಸು ಸರಿಯಾಗಿ ಹಾಕಿ, ಆ ಕೋಟಾ ಆರಿಸಿ.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ರೂಪಾಯಿವರೆಗೆ ಇಡಬಹುದು. ಅವಧಿ ಐದು ವರ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಅರವತ್ತು ದಾಟಿದವರಿಗೆ 3 ಲಕ್ಷ, ಎಂಬತ್ತು ದಾಟಿದವರಿಗೆ 5 ಲಕ್ಷದವರೆಗೆ ತೆರಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ವಯಸ್ಸಿನ ಭೇದವಿಲ್ಲ. ಎರಡೂ ಲೆಕ್ಕ ಹಾಕಿ ನೋಡಿಯೇ ಆರಿಸಿ.

ಎಪ್ಪತ್ತು ತುಂಬಿದವರಿಗೆ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ ಶುರು ಮಾಡಿತು. ಆದಾಯದ ಮಿತಿ ಇಲ್ಲ. ನೀವು ಹೋಗುವ ಆಸ್ಪತ್ರೆ ಆ ಕಾರ್ಡು ಒಪ್ಪುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಆದಾಯ ಕಡಿಮೆ ಇರುವ, ಅರವತ್ತೈದು ದಾಟಿದವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ನಿಮ್ಮ ಮನೆಕೆಲಸದವರಿಗೆ, ಹೂವಿನವರಿಗೆ ಇದು ಬರುತ್ತಿದೆಯಾ ಅಂತ ಒಂದು ಸಲ ವಿಚಾರಿಸಿ. ನಾಡಕಚೇರಿಗೆ ಜೊತೆಗೆ ಹೋಗಿ ಅರ್ಜಿ ಬರೆದುಕೊಡಿ. ಓದು ಬರಹ ಬಲ್ಲ ನಮ್ಮಂಥವರಿಗೆ ಒಂದು ಬೆಳಗಿನ ಕೆಲಸ ಅದು.

“ಪ್ರತಿ ನವೆಂಬರ್ ಬ್ಯಾಂಕಿಗೆ ಹೋಗಿ ಬದುಕಿದ್ದೀನಿ ಅಂತ ತೋರಿಸಲೇಬೇಕಾ?”

ಹೋಗಲೇಬೇಕಂತಿಲ್ಲ. ಪಿಂಚಣಿ ಪಡೆಯುವವರಿಗೆ 2014ರಿಂದ ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ವ್ಯವಸ್ಥೆ ಇದೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಮುಗಿಸಬಹುದು. ಪೋಸ್ಟ್‌ಮ್ಯಾನ್ ಮನೆಗೆ ಬಂದು ಮಾಡಿಕೊಡುವ ಸೇವೆಯೂ ಇದೆ, ಅದಕ್ಕೆ ಸ್ವಲ್ಪ ಶುಲ್ಕ.

“ಮನೆ, ಸೈಟು ಎಲ್ಲಾ ಮಕ್ಕಳ ಹೆಸರಿಗೆ ಈಗಲೇ ಬರೆದುಬಿಡ್ಲಾ? ನಿಶ್ಚಿಂತೆಯಾಗಿರಬಹುದಲ್ವಾ?”

ದಯವಿಟ್ಟು ಅವಸರ ಮಾಡಬೇಡಿ. ಮಕ್ಕಳ ಮೇಲೆ ಅನುಮಾನ ಪಡಿ ಅಂತ ಅಲ್ಲ. ಸ್ವಂತ ಸೂರಿನ ಕೆಳಗೆ ಮಲಗುವುದು ಮುಪ್ಪಿನ ದೊಡ್ಡ ನೆಮ್ಮದಿ, ಅದನ್ನು ಯಾಕೆ ಕಳೆದುಕೊಳ್ಳುತ್ತೀರಿ? ವಿಲ್ ಬರೆಯಿರಿ. ಅದು ನಿಮ್ಮ ಕಾಲಾನಂತರ ಜಾರಿಗೆ ಬರುತ್ತದೆ, ಇರುವಷ್ಟು ದಿನ ಯಾವಾಗ ಬೇಕಾದರೂ ಬದಲಾಯಿಸಬಹುದು. ದಾನಪತ್ರ ಹಾಗಲ್ಲ, ಬರೆದ ಮೇಲೆ ಕೈ ಬಿಟ್ಟಂತೆ.

ಬರೆದೇ ಕೊಡುವುದಾದರೆ ‘ನನ್ನನ್ನು ನೋಡಿಕೊಳ್ಳಬೇಕು’ ಅನ್ನುವ ಷರತ್ತು ಪತ್ರದಲ್ಲೇ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಆ ಷರತ್ತು ಮುರಿದರೆ ವರ್ಗಾವಣೆಯನ್ನು ರದ್ದು ಮಾಡಿಸಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ನಡೆಯುವ ನ್ಯಾಯಮಂಡಳಿಗೆ. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ.

## ಕಷ್ಟದ ಪ್ರಶ್ನೆಗಳು

“ಮಂಡಿ ನೋವು, ಶುಗರ್, ಬಿಪಿ ಇಟ್ಕೊಂಡು ಎಂಥಾ ಸಂತೋಷ ಮೇಡಂ?”

ನೋವು ನೋವೇ. ಅದರಲ್ಲಿ ಸುಖ ಹುಡುಕಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವ ಎಷ್ಟೋ ತೊಂದರೆಗಳಿಗೆ ಮದ್ದಿದೆ. ಸ್ನಾಯುಗಳಿಗೆ ವಯಸ್ಸಿನ ಹಂಗಿಲ್ಲ, ಕೆಲಸ ಕೊಟ್ಟರೆ ತೊಂಬತ್ತರಲ್ಲೂ ಗಟ್ಟಿಯಾಗುತ್ತವೆ. ಅದನ್ನು ವೃದ್ಧಾಶ್ರಮದಲ್ಲಿದ್ದವರ ಮೇಲೆಯೇ ಪ್ರಯೋಗ ಮಾಡಿ ನೋಡಿದ್ದಾರೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಕೂರುವುದು. ಅಲ್ಲಿಂದ ಶುರು ಮಾಡಿ.

ಕಣ್ಣಿನ ಕಥೆ ಹೇಳಲೇಬೇಕು. ಪೊರೆ ಬಂದಾಗ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬಣ್ಣ ಸರಿಯಾಗಿ ಒಳಗೆ ಬರುವುದಿಲ್ಲ. ನಿಧಾನವಾಗಿ ಆಗುವುದರಿಂದ ನಮಗದು ತಿಳಿಯುವುದೇ ಇಲ್ಲ. ನನ್ನ ಒಂದು ಕಣ್ಣಿಗೆ ಆಪರೇಷನ್ ಆದ ವಾರ ಬೀರು ತೆಗೆದೆ. ಮದುವೆಯ ಮೈಸೂರು ಸಿಲ್ಕ್ ಸೀರೆ ಹೊರಗೆ ತೆಗೆದರೆ ನವಿಲ ಕತ್ತಿನ ನೀಲಿ! ವರ್ಷಗಟ್ಟಲೆ ಅದನ್ನು ಮಾಸಿದ ಹಸಿರು ಅಂತ ಮಡಿಸಿ ಇಟ್ಟಿದ್ದೆ. ಒಂದು ಕಣ್ಣು ಮುಚ್ಚಿದರೆ ನೀಲಿ, ಇನ್ನೊಂದು ಮುಚ್ಚಿದರೆ ಹಸಿರು. ಅರ್ಧ ಗಂಟೆ ಆ ಸೆರಗು ಹಿಡಿದು ಕಿಟಕಿ ಹತ್ತಿರ ನಿಂತಿದ್ದೆ.

“ವಯಸ್ಸಾದವರೇ ಜಾಸ್ತಿ ನೆಮ್ಮದಿಯಾಗಿರ್ತಾರೆ ಅಂತ ವಿಜ್ಞಾನ ಹೇಳುತ್ತಂತೆ. ಹೌದಾ?”

ಪೂರ್ತಿ ಹೌದು ಅಂತಲ್ಲ. ಅನೇಕ ದೇಶಗಳಲ್ಲಿ ನಲವತ್ತು ಐವತ್ತರ ನಡುವೆ ಬದುಕಿನ ತೃಪ್ತಿ ತಳಕ್ಕಿಳಿದು ಆಮೇಲೆ ಏರುವುದು ಕಂಡಿದೆ. ಎಲ್ಲ ಕಡೆಯೂ ಹಾಗಿಲ್ಲ. ಆರೋಗ್ಯ, ಕೈಯಲ್ಲಿ ಸ್ವಲ್ಪ ದುಡ್ಡು, ಮಾತಾಡಲು ಜನ ಇಲ್ಲದೆ ಬರೀ ವಯಸ್ಸಿನಿಂದ ನೆಮ್ಮದಿ ಬರುವುದಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್‌ಸನ್ ಹೇಳುವ ಕಾರಣ ನನಗೆ ಸರಿ ಅನ್ನಿಸುತ್ತದೆ. ಮುಂದೆ ಇರುವ ಕಾಲ ಕಡಿಮೆ ಅಂತ ಗೊತ್ತಾದಾಗ ಮನುಷ್ಯ ಬೇಕಾದವರನ್ನು ಮಾತ್ರ ಹತ್ತಿರ ಇಟ್ಟುಕೊಳ್ಳುತ್ತಾನೆ. ಬಳಗ ಚಿಕ್ಕದಾಗುತ್ತದೆ, ಪ್ರೀತಿ ಆಳವಾಗುತ್ತದೆ. ಮುನ್ನೂರು ಜನರ ಮದುವೆಗೆ ಮುಖ ತೋರಿಸಿ ಬರುವುದನ್ನು ನಾನು ಬಿಟ್ಟೆ. ಆ ಸಂಜೆ ಗೆಳತಿಯ ಮನೆಯಲ್ಲಿ ಅವರೆಕಾಯಿ ಹಿಚುಕುತ್ತಾ ಕೂರುತ್ತೇನೆ.

“ಜೊತೆಗಾರರು ಹೋದಮೇಲೂ ಖುಷಿ ಅನ್ನೋದು ಉಂಟಾ?”

ಕಾಗದದಲ್ಲಿ ಬಂದ ಪ್ರಶ್ನೆ. ಉತ್ತರ ಬರೆಯಲು ನನಗೆ ಎರಡು ತಿಂಗಳು ಬೇಕಾಯಿತು.

ನಮ್ಮ ಮನೆಯವರು 2022ರಲ್ಲಿ ತೀರಿಕೊಂಡರು. ಒಂದು ವರ್ಷ ನಾನು ಸಾರು ಮಾಡಲಿಲ್ಲ. ಹುಳಿ ಮಾಡಿದೆ, ಗೊಜ್ಜು ಮಾಡಿದೆ, ಸಾರಿನ ಪಾತ್ರೆ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಜ್ವರ ಬಂದು ಬಾಯಿ ಕೆಟ್ಟಾಗ ಆ ಡೈರಿ ತೆಗೆದೆ. ಮುಕ್ಕಾಲು ನಿಂಬೆ ಗಾತ್ರದ ಹುಣಸೆ. ನೊರೆ ಬಂದ ಕೂಡಲೇ ಇಳಿಸಿದೆ. ತುಪ್ಪದ ಒಗ್ಗರಣೆ ಚುಂಯ್ ಅಂದಾಗ ಅಳು ಬಂತು. ಲೋಟದಲ್ಲಿ ಹಾಕಿಕೊಂಡು ಕುಡಿದೆ. ಚೆನ್ನಾಗಿತ್ತು. ಎರಡನೇ ಲೋಟವೂ ಕುಡಿದೆ.

ಉಂಟು ಅಂತಲೇ ನನ್ನ ಉತ್ತರ. ದುಃಖ ಹೋದ ಮೇಲೆ ಬರುತ್ತದೆ ಅಂತ ಕಾಯಬೇಡಿ. ಅದರ ಪಕ್ಕದಲ್ಲೇ ಬಂದು ಕೂರುತ್ತದೆ.

“ಮತ್ತೆ ಇಪ್ಪತ್ತೈದಕ್ಕೆ ಹೋಗೋ ಅವಕಾಶ ಸಿಕ್ಕಿದ್ರೆ ಹೋಗ್ತೀರಾ?”

ಮಂಡಿಗಳನ್ನು ಕಳಿಸುತ್ತೇನೆ, ನಾನು ಹೋಗುವುದಿಲ್ಲ. ಇಪ್ಪತ್ತೈದರಲ್ಲಿ ಯಾವುದು ಕೊನೆಗೆ ಏನಾಗುತ್ತದೆ ಅಂತ ಗೊತ್ತಿರುವುದಿಲ್ಲ.

ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಮೂರು ಸಲ ಫೇಲಾದ ಹುಡುಗನೊಬ್ಬ ನನ್ನ ಕ್ಲಾಸಿನಲ್ಲಿದ್ದ. ಮೂರನೇ ಸಲ ಅವನ ಅಪ್ಪ ಸ್ಕೂಲಿಗೆ ಬಂದು, ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು, ‘ಇವನು ಉದ್ಧಾರ ಆಗ್ತಾನಾ ಮೇಡಂ’ ಅಂತ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಅವನಿಗೀಗ ಐವತ್ತು. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಇಟ್ಟಿದ್ದಾನೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ ಅಳತೆ ಹಿಡಿಯುತ್ತಾನೆ ಅಂತ ಹೆಸರು. ಅವನ ಮಗಳು ಈ ವರ್ಷ ಹತ್ತನೇ ಕ್ಲಾಸು. ಭಾನುವಾರ ನಾಲ್ಕು ಗಂಟೆಗೆ ರೇಖಾಗಣಿತದ ಪುಸ್ತಕ ಹಿಡಿದು ಬರುತ್ತಾಳೆ. ಅವನು ಸ್ಕೂಟರ್ ಆಫ್ ಮಾಡಿ ಗೇಟಿನ ಹತ್ತಿರವೇ ನಿಂತಿರುತ್ತಾನೆ, ಒಳಗೆ ಕರೆದರೆ ‘ನನಗೆ ಆ ಪುಸ್ತಕ ನೋಡಿದ್ರೆ ಈಗಲೂ ಭಯ ಟೀಚರ್’ ಅನ್ನುತ್ತಾನೆ. ನಾನು ಅವನ ಕಾಫಿಯನ್ನು ಗೇಟಿಗೇ ತೆಗೆದುಕೊಂಡು ಹೋಗಿ ಕೊಡುತ್ತೇನೆ.